ಬೆಟ್ಟದ ಬೈಸಿಕಲ್ಲಿಗೆ ಹೊಸ ಚೌಕಟ್ಟು

ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ನಮ್ಮ ಬೈಸಿಕಲ್ಲನ್ನು ತೊಳೆಯುತ್ತಿದ್ದೆವು. ಸೀಟಿನ ಕೊಳವೆಯೂ ಮೇಲಿನ ಅಡ್ಡ ಕೊಳವೆಯೂ ಕೂಡುವೆಡೆಯಲ್ಲಿ ಕೂದಲೆಳೆಯಂಥ ಗೆರೆಯೊಂದು ಕಂಡಿತು. ಕೆಸರಿನ ಗೀಟೆಂದು ಒರಸಿದೆವು, ಹೋಗಲಿಲ್ಲ. ಉಗುರನ್ನು ಅಡ್ಡಲಾಗಿ ಎಳೆದರೆ ಗೆರೆಯಲ್ಲಿ ಸಿಕ್ಕಿಕೊಂಡಿತು. ಬಿರಿದದ್ದು ಬಣ್ಣವಲ್ಲ, ಲೋಹ. 2013ರಲ್ಲಿ ಕೊಂಡು, ಮಲೆನಾಡಿನ ತೋಟದ ದಾರಿಗಳಲ್ಲಿ ಹತ್ತು ವರ್ಷಕ್ಕೂ ಮೀರಿ ಓಡಿಸಿದ ಬಂಡಿ ಅದು.

ಬೆಸುಗೆಯಾತ ನೋಡಿ, “ಅರ್ಧ ಗಂಟೆ ಕೆಲಸ ಮೇಷ್ಟ್ರೇ, ಹಚ್ಚಿಬಿಡೋಣ” ಎಂದ. ನಾವು ಒಪ್ಪಲಿಲ್ಲ. ಉಕ್ಕನ್ನು ಒಂದು ಮಿತಿಯೊಳಗಿನ ಬಲದಿಂದ ಎಷ್ಟು ಲಕ್ಷ ಸಲ ಬಾಗಿಸಿದರೂ ಸಾಮಾನ್ಯವಾಗಿ ಅದು ದಣಿಯುವುದಿಲ್ಲ. ಅಲ್ಯೂಮಿನಿಯಮಿಗೆ ಅಂಥ ಸ್ಪಷ್ಟವಾದ ಮಿತಿಯಿಲ್ಲ; ಸಣ್ಣ ಕುಲುಕಾಟವೂ ಅದರ ಆಯುಸ್ಸಿನ ಲೆಕ್ಕದಲ್ಲಿ ಸೇರುತ್ತದೆ. ಇದಲ್ಲದೆ ಇಂಥ ಚೌಕಟ್ಟುಗಳ ಮಿಶ್ರಲೋಹಕ್ಕೆ ಬಲ ಬರುವುದು ಕುಲುಮೆಯಲ್ಲಿ ಕೊಟ್ಟ ಉಷ್ಣಸಂಸ್ಕಾರದಿಂದ. ಬೆಸುಗೆಯ ಬಿಸಿ ಆ ಸಂಸ್ಕಾರವನ್ನು ಸುತ್ತಮುತ್ತ ಅಳಿಸಿಹಾಕುತ್ತದೆ. ಹಚ್ಚಿದ ಜಾಗದ ಪಕ್ಕದಲ್ಲೇ ಮತ್ತೆ ಬಿರುಕು ಹುಟ್ಟುವುದು ಖಂಡಿತವೆನ್ನಬಹುದು. ಅದು ಇಳಿಜಾರಿನಲ್ಲಿ ಆದರೆ ಮುರಿಯುವುದು ಬೈಸಿಕಲ್ಲು ಮಾತ್ರವಲ್ಲ.

ಆದುದರಿಂದ ಚೌಕಟ್ಟೊಂದನ್ನೇ ಹೊಸದಾಗಿ ತಂದು, ಉಳಿದ ಭಾಗಗಳನ್ನು ಅದಕ್ಕೆ ಜೋಡಿಸುವುದೆಂದು ನಿಶ್ಚಯಿಸಿದೆವು. ನಮ್ಮದು ಹಾರ್ಡ್‌ಟೇಲ್ ಜಾತಿಯದು. ಎಂದರೆ ಮುಂದಿನ ಫೋರ್ಕಿಗೆ ಮಾತ್ರ ಸ್ಪ್ರಿಂಗು; ಹಿಂಭಾಗ ಬಿಗಿ. ತಯಾರಕರ ಅಳತೆಪಟ್ಟಿಗಳನ್ನು ತೆರೆದಾಗ ನಮಗೆ ಆಶ್ಚರ್ಯ ಕಾದಿತ್ತು. ಫೋರ್ಕು ತಿರುಗುವ ಅಕ್ಷವು ನೆಲದೊಡನೆ ಮಾಡುವ ಕೋನ, ಅಂದರೆ ತಲೆಕೋನ, ನಮ್ಮ ಹಳೆಯ ಬಂಡಿಯಲ್ಲಿ 70 ಡಿಗ್ರಿ. ಹೊಸವುಗಳಲ್ಲಿ 64ರಿಂದ 67. ಸೀಟಿನ ಕೋನ 73 ಇದ್ದದ್ದು 76 ಆಗಿದೆ. ಪೆಡಲಿನ ಅಚ್ಚಿನಿಂದ ತಲೆಕೊಳವೆಯ ಮೇಲ್ತುದಿಗೆ ಅಡ್ಡಲಾಗಿ ಅಳೆದ ದೂರಕ್ಕೆ ‘ರೀಚ್’ ಎನ್ನುತ್ತಾರೆ. ಅದು ನಮ್ಮ ಅಳತೆಯ ಬಂಡಿಯಲ್ಲಿ 410 ಮಿಲಿಮೀಟರಿನಿಂದ 460ಕ್ಕೆ ಬೆಳೆದಿದೆ. ಇದು ಬರಿಯ ಷೋಕಿಯೆ, ಇಲ್ಲವೆ ಇದರ ಹಿಂದೆ ಭೌತಶಾಸ್ತ್ರವೇನಾದರೂ ಉಂಟೆ?

ಬೆಟ್ಟದ ಬೈಸಿಕಲ್ಲು ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಮರಿನ್ ಕೌಂಟಿಯ ಗುಡ್ಡಗಳಲ್ಲಿ. 1970ರ ದಶಕದಲ್ಲಿ ಅಲ್ಲಿನ ತರುಣರು ದಪ್ಪ ಟೈರಿನ ಹಳೆಯ ಬಂಡಿಗಳನ್ನು ಮಣ್ಣಿನ ಇಳಿಜಾರಿನಲ್ಲಿ ಹರಿಯಬಿಡುತ್ತಿದ್ದರು. 1976ರಲ್ಲಿ ಅವರು ಆರಂಭಿಸಿದ ಪಂದ್ಯಕ್ಕೆ ‘ರೀಪ್ಯಾಕ್’ ಎಂದು ಹೆಸರು. ಒಂದು ಇಳಿತದಲ್ಲೇ ಹಿಂದಿನ ಹಬ್ಬಿನ ಬ್ರೇಕು ಕಾದು, ಗ್ರೀಸು ಹೊಗೆಯಾಗಿ ಹೋಗಿ, ಮತ್ತೆ ತುಂಬಬೇಕಾಗುತ್ತಿತ್ತಂತೆ. ಜೋ ಬ್ರೀಜ್ ಎಂಬಾತ ಈ ಕೆಲಸಕ್ಕೆಂದೇ 1977ರ ಹೊತ್ತಿಗೆ ಚೌಕಟ್ಟು ಕಟ್ಟಿದ. ಮುಂದೆ ಪಂದ್ಯಗಳು ಬೆಳೆದು, ಏರುವ ವೇಗಕ್ಕೆ ಬೆಲೆ ಬಂದಾಗ, ರಸ್ತೆ ಬೈಸಿಕಲ್ಲಿನ ಕಡಿದಾದ ಕೋನಗಳು ಬೆಟ್ಟಕ್ಕೂ ಬಂದವು: ತಲೆ 71, ಸೀಟು 73. ಈ ಜೋಡಿ ಬಹುಕಾಲ ವೇದವಾಕ್ಯದಂತೆ ನಡೆಯಿತು. 1990ರ ದಶಕದ ಕೊನೆಯಲ್ಲಿ, ಮರಿನ್ ಗುಂಪಿನವನೇ ಆದ ಗ್ಯಾರಿ ಫಿಶರ್, ಚೌಕಟ್ಟನ್ನು ಉದ್ದಮಾಡಿ, ಹ್ಯಾಂಡಲನ್ನು ಹಿಡಿಯುವ ಸ್ಟೆಮ್ಮನ್ನು ಗಿಡ್ಡಮಾಡಿದ. ಇಂದಿನ ಬದಲಾವಣೆಯ ಬೀಜ ಅಲ್ಲಿದೆ.

ಆ ಬೀಜವನ್ನು ಬಿಡಿಸಿ ನೋಡೋಣ. ಹಳೆಯ ರೀಚ್ 410, ಸ್ಟೆಮ್ 90, ಕೂಡಿದರೆ 500. ಹೊಸ ರೀಚ್ 460, ಸ್ಟೆಮ್ 40, ಅದೂ 500! ಪೆಡಲಿನ ಮೇಲೆ ನಿಂತ ಸವಾರನ ಕೈ ಇದ್ದಲ್ಲೇ ಇದೆ. ಹಾಗಾದರೆ ಕದಲಿದ್ದು ಯಾವುದು? ಮುಂದಿನ ಚಕ್ರ. ರೀಚ್ ಬೆಳೆದದ್ದರಿಂದ 5 ಸೆಂಟಿಮೀಟರು, ತಲೆಕೋನ 66ಕ್ಕೆ ಒರಗಿದ್ದರಿಂದ ಸುಮಾರು ಇನ್ನೊಂದು 5, ಒಟ್ಟು 10 ಸೆಂಟಿಮೀಟರಿನಷ್ಟು ಅದು ಮುಂದೆ ಸರಿದಿದೆ. ಪೆಡಲಿನ ಅಚ್ಚಿನಿಂದ ಮುಂದಿನ ಚಕ್ರದ ಅಚ್ಚಿಗೆ ಹಿಂದೆ 65 ಸೆಂಟಿಮೀಟರು ಇದ್ದದ್ದು ಈಗ 75.

ಇದರ ಫಲವನ್ನು ಕಾಲೇಜಿನ ಮೊದಲ ವರ್ಷದ ಗಣಿತದಿಂದಲೇ ತಿಳಿಯಬಹುದು. ಸವಾರನೂ ಬಂಡಿಯೂ ಕೂಡಿದ ಗುರುತ್ವಕೇಂದ್ರವು ಪೆಡಲಿನ ಅಚ್ಚಿನ ನೇರ ಮೇಲೆ, ನೆಲದಿಂದ 110 ಸೆಂಟಿಮೀಟರು ಎತ್ತರದಲ್ಲಿದೆ ಎನ್ನೋಣ. ಇಳಿಜಾರಿನಲ್ಲಿ ಈ ಕೇಂದ್ರದಿಂದ ಇಳಿಬಿಟ್ಟ ತೂಗುಗುಂಡು ಮುಂದಿನ ಚಕ್ರ ನೆಲವನ್ನು ಮುಟ್ಟುವ ಬಿಂದುವನ್ನು ದಾಟಿದೊಡನೆ ಸವಾರ ಹ್ಯಾಂಡಲಿನ ಮೇಲಿಂದ ಹಾರುತ್ತಾನೆ. ಆ ಇಳಿಜಾರಿನ ಟ್ಯಾಂಜೆಂಟು 65ನ್ನು 110ರಿಂದ ಭಾಗಿಸಿದಷ್ಟು. ಅಂದರೆ ಕೋನ ಸುಮಾರು 31 ಡಿಗ್ರಿ. ಹೊಸ ಚೌಕಟ್ಟಿನಲ್ಲಿ ಅದು 34 ಡಿಗ್ರಿ. ಸಮನೆಲದಲ್ಲಿ ಬ್ರೇಕು ಹಾಕಿದಾಗಲೂ ಇದೇ ಭಾಗಲಬ್ಧವೇ ಮಿತಿ: ಗುರುತ್ವ ವೇಗೋತ್ಕರ್ಷದ 0.59 ಪಾಲಿನಿಂದ 0.68 ಪಾಲಿಗೆ ಏರುತ್ತದೆ. ಅಂಚಿನಲ್ಲಿ ತೂಗಾಡುವವನಿಗೆ ಮೂರು ಡಿಗ್ರಿ ಅಲ್ಪವಲ್ಲ.

ಆದರೆ ಯಾವುದೂ ಪುಕ್ಕಟೆಯಲ್ಲ. ಚಕ್ರ ದೂರ ಸರಿದಷ್ಟೂ ಅದರ ಮೇಲಿನ ಭಾರ ಕುಗ್ಗುತ್ತದೆ. ಮೇಲಿನ ಅಳತೆಗಳಲ್ಲಿ, ಹಿಂದಿನ ಚಕ್ರ ಪೆಡಲಿನ ಅಚ್ಚಿಗೆ 43.5 ಸೆಂಟಿಮೀಟರು ಹಿಂದಿದ್ದರೆ, ಮುಂದಿನ ಚಕ್ರದ ಪಾಲು ಶೇಕಡ 40ರಿಂದ 37ರ ಆಸುಪಾಸಿಗೆ ಇಳಿಯುತ್ತದೆ. ಸಡಿಲ ಜಲ್ಲಿಯ ತಿರುವಿನಲ್ಲಿ ಸವಾರ ಬೇಕೆಂದೇ ಎದೆಯನ್ನು ಮುಂದೆ ಬಾಗಿಸದಿದ್ದರೆ ಚಕ್ರ ಜಾರಿ ನೇರ ಹೋಗಲು ನೋಡುತ್ತದೆ. ಹಳೆಯ ಬಂಡಿಯಲ್ಲಿ ಹಿಂದಕ್ಕೆ ಸರಿಯುವುದನ್ನು ಕಲಿತವರು ಹೊಸದರಲ್ಲಿ ಆ ಅಭ್ಯಾಸವನ್ನು ಮರೆಯಬೇಕಾಗುತ್ತದೆ.

ಒರಗಿದ ತಲೆಕೋನದ ಇನ್ನೊಂದು ಪರಿಣಾಮವನ್ನು ವಿದ್ಯಾರ್ಥಿಗಳು ಮನೆಯಲ್ಲೇ ಅಳೆಯಬಹುದು. ಯಾವ ಬೈಸಿಕಲ್ಲಾದರೂ ಸರಿ, ಗೋಡೆಗೆ ನೆಟ್ಟಗೆ ಒರಗಿಸಿ. ಹ್ಯಾಂಡಲು ತಿರುಗುವ ಅಕ್ಷದ ನೇರಕ್ಕೆ ಉದ್ದನೆಯ ಕೋಲು ಹಿಡಿದು, ಅದು ನೆಲ ಮುಟ್ಟುವಲ್ಲಿ ಸೀಮೆಸುಣ್ಣದ ಗುರುತು ಮಾಡಿ. ಚಕ್ರದ ಅಚ್ಚಿನಿಂದ ತೂಗುಗುಂಡು ಬಿಟ್ಟು ಇನ್ನೊಂದು ಗುರುತು ಮಾಡಿ. ಎರಡನೆಯದು ಮೊದಲನೆಯದರ ಹಿಂದೆ ಇರುತ್ತದೆ. ಈ ಅಂತರವೇ ‘ಟ್ರೇಲ್’. ಆಸ್ಪತ್ರೆಯ ತಳ್ಳುಮಂಚದ ಪುಟ್ಟ ಗಾಲಿ ತಾನಾಗಿ ಮಂಚದ ಹಿಂದೆ ಸಾಲುಗೂಡುವಂತೆ, ಟ್ರೇಲ್ ಇರುವ ಚಕ್ರವೂ ಸಾಗುವ ದಿಕ್ಕಿಗೆ ಹೊಂದಿಕೊಳ್ಳುತ್ತದೆ. 37 ಸೆಂಟಿಮೀಟರು ತ್ರಿಜ್ಯದ ಚಕ್ರ, 44 ಮಿಲಿಮೀಟರು ಮುಂಚಾಚಿದ ಫೋರ್ಕು ಇದ್ದರೆ, 70 ಡಿಗ್ರಿಯಲ್ಲಿ ಟ್ರೇಲ್ 88 ಮಿಲಿಮೀಟರು, 66ರಲ್ಲಿ 117. ಕಲ್ಲುಗಳ ನಡುವೆ ಧಾವಿಸುವಾಗ ಹ್ಯಾಂಡಲು ಕೈಯಿಂದ ಕಿತ್ತುಕೊಂಡು ಹೋಗದಿರಲು ಇದು ನೆರವು. ನಿಧಾನವಾಗಿ ಏರುವಾಗ ಮಾತ್ರ ಅದೇ ಚಕ್ರ ಸೋಮಾರಿಯಂತೆ ಪಕ್ಕಕ್ಕೆ ವಾಲುತ್ತದೆ.

ಬೈಸಿಕಲ್ಲು ಬೀಳದಿರುವುದಕ್ಕೆ ಟ್ರೇಲ್ ಒಂದೇ ಕಾರಣವೆಂದು ವಾಚಕರು ಭಾವಿಸಬಾರದು. 1970ರಲ್ಲಿ ಡೇವಿಡ್ ಜೋನ್ಸ್ ‘ಫಿಸಿಕ್ಸ್ ಟುಡೇ’ ಪತ್ರಿಕೆಯಲ್ಲಿ, ಸವಾರಿಗೆ ಒಗ್ಗದ ಬೈಸಿಕಲ್ಲನ್ನು ಕಟ್ಟಲು ತಾನು ಪಟ್ಟ ಪಾಡನ್ನು ಬರೆದ. ಚಕ್ರದ ಬುಗುರಿಗುಣವನ್ನು ರದ್ದುಮಾಡಿದರೂ ಅದನ್ನು ಸಲೀಸಾಗಿ ಓಡಿಸಬಹುದಾಗಿತ್ತು. 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗವಂತೂ ಬುಗುರಿಗುಣವೂ ಟ್ರೇಲೂ ಎರಡೂ ಇಲ್ಲದೆ ತಾನೇ ನಿಲ್ಲುವ ಬಂಡಿಯನ್ನು ತೋರಿಸಿತು. ನೂರೈವತ್ತು ವರ್ಷಕ್ಕೂ ಹಳೆಯದಾದ ಈ ಯಂತ್ರ ಇನ್ನೂ ಪ್ರಾಧ್ಯಾಪಕರನ್ನು ಆಡಿಸುತ್ತಿದೆ!

ಸೀಟಿನ ಕೋನದ ಮಾತು ಸುಲಭ. ಪೆಡಲಿನ ಅಚ್ಚಿನಿಂದ 70 ಸೆಂಟಿಮೀಟರು ಮೇಲಿರುವ ಸೀಟು, 73 ಡಿಗ್ರಿಯಿಂದ 76ಕ್ಕೆ ಬಂದರೆ ಮೂರೂವರೆ ಸೆಂಟಿಮೀಟರು ಮುಂದೆ ಬರುತ್ತದೆ. ಕಡಿದಾದ ಏರಿನಲ್ಲಿ ಮುಂದಿನ ಚಕ್ರ ಮೇಲೇಳುವ ಚಾಳಿ ಇದರಿಂದ ಕಡಿಮೆಯಾಗುತ್ತದೆ.

ಹಾರ್ಡ್‌ಟೇಲ್ ಕೊಳ್ಳುವವರು ಹೆಚ್ಚಾಗಿ ಮರೆಯುವ ಸಂಗತಿಯೊಂದಿದೆ. ಎರಡೂ ಕಡೆ ಸ್ಪ್ರಿಂಗು ಇರುವ ಬಂಡಿಯಲ್ಲಿ ಸವಾರ ಕೂತರೆ ಹಿಂದೆ ಮುಂದೆ ಎರಡೂ ತಗ್ಗುವುದರಿಂದ ಕೋನಗಳು ಹೆಚ್ಚು ಬದಲಾಗುವುದಿಲ್ಲ. ಹಾರ್ಡ್‌ಟೇಲಿನಲ್ಲಿ ತಗ್ಗುವುದು ಮುಂಭಾಗ ಮಾತ್ರ. ಫೋರ್ಕು 20 ಮಿಲಿಮೀಟರು ಕುಸಿದರೆ ತಲೆಕೋನ ಸುಮಾರು ಒಂದು ಡಿಗ್ರಿ ಕಡಿದಾಗುತ್ತದೆ. 120 ಮಿಲಿಮೀಟರೂ ಕುಸಿದ ಗಳಿಗೆಯಲ್ಲಿ ಪಟ್ಟಿಯಲ್ಲಿನ 66 ಡಿಗ್ರಿ 71ನ್ನು ಮುಟ್ಟುತ್ತದೆ. ಅತ್ಯಂತ ಕಡಿದಾದ ಜಾಗದಲ್ಲಿ, ಬ್ರೇಕು ಹಿಡಿದಿರುವಾಗಲೇ, ಹಳೆಯ ಕೋನ ಮರಳಿ ಬಂದುಬಿಡುತ್ತದೆ! ಆದಕಾರಣ ಹಾರ್ಡ್‌ಟೇಲಿನಲ್ಲಿ ತಲೆಕೋನವನ್ನು ಸ್ವಲ್ಪ ಒರಗಿಸಿಯೇ ಆರಿಸುವುದು ನ್ಯಾಯ.

ಇನ್ನು ಹಳೆಯ ಭಾಗಗಳ ಪ್ರಶ್ನೆ. ಭೌತಶಾಸ್ತ್ರಕ್ಕಿಂತ ಇದೇ ನಮ್ಮ ನಿದ್ದೆಗೆಡಿಸಿತು. ನಮ್ಮ ಹಿಂದಿನ ಹಬ್ಬಿನ ಅಗಲ 135 ಮಿಲಿಮೀಟರು. ಹೊಸ ಚೌಕಟ್ಟು ಕೇಳುವುದು 148. ಇದಕ್ಕೆ ಉಪಾಯವಿಲ್ಲ. ರಿಮ್ಮನ್ನು ಉಳಿಸಿಕೊಂಡು, ಹೊಸ ಹಬ್ಬಿಗೆ 32 ಕಡ್ಡಿ ಕಟ್ಟಿಸಬೇಕಾಯಿತು. ಫೋರ್ಕಿನ ಕತ್ತು ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪ, ಹೊಸ ತಲೆಕೊಳವೆ ಕೆಳಗೆ ಅಗಲ. ನಡುವೆ ಅಳತೆ ಕೂಡಿಸುವ ಬೇರಿಂಗು ದೊರೆಯುತ್ತದೆ. ಪೆಡಲಿನ ಅಚ್ಚಿಗೆ ತಿರುಪು ಕೊರೆದ ಚೌಕಟ್ಟನ್ನೇ ಹುಡುಕಿದೆವು, ಹಳೆಯ ಕ್ರ್ಯಾಂಕು ಉಳಿಯಿತು. 26 ಅಂಗುಲದ ಚಕ್ರದವರಿಗೆ ಈ ಭಾಗ್ಯವೂ ಇಲ್ಲ. ನಮ್ಮವು ಅದೃಷ್ಟವಶಾತ್ 29ರವು.

64 ಡಿಗ್ರಿಯ ಚೌಕಟ್ಟಿಗೆ ಮನಸ್ಸು ಹಾರಿತ್ತು. ಆದರೆ ನಾವು ಒಂದು ಗಂಟೆ ಏರಿ ಹತ್ತು ನಿಮಿಷ ಇಳಿಯುವವರು; 66ಕ್ಕೆ ನಿಂತೆವು. ಲೋಹ ಈ ಬಾರಿ ಉಕ್ಕು. ಸುಮಾರು ಒಂದು ಕಿಲೋಗ್ರಾಂ ಹೆಚ್ಚು ತೂಕವನ್ನು ಒಪ್ಪಿಕೊಂಡೆವು. ಅದನ್ನು 120 ಮಿಲಿಮೀಟರಿನ ಫೋರ್ಕಿಗೆಂದು ರಚಿಸಿದ್ದಾರೆ, ನಮ್ಮದು 100. ಸದ್ಯಕ್ಕೆ ತಲೆಕೋನ 67, ಪೆಡಲಿನ ಅಚ್ಚು ಏಳು ಮಿಲಿಮೀಟರು ತಗ್ಗು. ಹೋದ ವಾರ ತೋಟದ ಕಲ್ಲುದಾರಿಯಲ್ಲಿ ಪೆಡಲು ಎರಡು ಸಲ ಕಲ್ಲಿಗೆ ಬಡಿಯಿತು. ಫೋರ್ಕಿಗೆ ಹಣ ಕೂಡಿಸುತ್ತಿದ್ದೇವೆ.