ಪರದೇಶದ ಓದು, ಪಿ.ಆರ್. ಕನಸು ಮತ್ತು ದಾಂಪತ್ಯದ ಸತ್ಯ

ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ, ಉಮರ್ಗಾ ಮುಟ್ಟುವ ಮುನ್ನ ಯೆಣೆಗೂರ ಸಿಗುತ್ತದೆ. ಊರು ಮಹಾರಾಷ್ಟ್ರದ್ದು, ಆದರೂ ಈ ಗಡಿಯ ಎಷ್ಟೋ ಮನೆಗಳಲ್ಲಿ ಒಲೆಯ ಮುಂದಿನ ಮಾತು ಕನ್ನಡ, ಶಾಲೆ-ಕಚೇರಿಯ ಮಾತು ಮರಾಠಿ. ಹೊಟ್ಟೆಪಾಡಿಗಾಗಿ ಪುಣೆ, ಮುಂಬೈ, ಹೈದರಾಬಾದುಗಳಿಗೆ ಹೋಗುವುದು ಇಲ್ಲಿ ಹೊಸತಲ್ಲ. ಈಗ ಆ ದಾರಿ ಇನ್ನೂ ದೂರಕ್ಕೆ, ಕೆನಡಾ, ಆಸ್ಟ್ರೇಲಿಯಾಗಳವರೆಗೆ ಚಾಚಿದೆ.

ಆ ಕಡೆಯ ಯುವ ದಂಪತಿಗಳಿಬ್ಬರು ಒಂದು ಸಂಜೆ ನಮ್ಮ ಬಳಿಗೆ ಬಂದಿದ್ದರು. ಆತ ಡಿಪ್ಲೊಮಾ ಓದಿದವ, ಆಕೆ ನರ್ಸಿಂಗ್ ಪದವೀಧರೆ. ಎರಡು ವರ್ಷದ ಮಗು ಆಕೆಯ ಹೆಗಲ ಮೇಲೆ ನಿದ್ದೆಹೋಗಿತ್ತು. ಕೆನಡಾದಲ್ಲಿ ಓದಿ, ಅಲ್ಲಿಯೇ ಶಾಶ್ವತ ವಾಸದ ಪರವಾನಗಿ, ಅಂದರೆ ‘ಪಿ.ಆರ್.’ ಪಡೆಯಬೇಕೆಂಬುದು ಅವರ ಆಸೆ. ದೀಕ್ಷಾಸ್ನಾನದ ಪ್ರಮಾಣಪತ್ರ ಕೇಳಲು ಬಂದವರು ಎದ್ದು ಹೋಗದೆ ಕುಳಿತೇ ಇದ್ದರು. ಕೊನೆಗೆ ಆತನೇ ಬಾಯಿಬಿಟ್ಟ: “ಫಾದರ್, ಏಜೆಂಟ್ ಹೇಳ್ಯಾನ್ರಿ, ಲಗ್ನ ಆಗಿಲ್ಲ ಅಂತ ಬರೀರಿ, ಪಾಯಿಂಟ್ ಜಾಸ್ತಿ ಬರ್ತಾವ, ಆಮ್ಯಾಲೆ ನೋಡೂಣು ಅಂತ.”

ಆಕೆ ತಲೆ ಎತ್ತಲಿಲ್ಲ. “ಲಗ್ನದ ಮಾತು ಇರ್ಲಿ ಫಾದರ್. ಈ ಕೂಸು ಇಲ್ಲ ಅಂತ ನಾ ಹೆಂಗ ಬರೀಲಿ?” ಎಂದಳು.

ಆ ಪ್ರಶ್ನೆ ಅವರಿಬ್ಬರದು ಮಾತ್ರವಲ್ಲ. ಆದುದರಿಂದಲೇ ನಮ್ಮ ಕುಟುಂಬಗಳ ಮುಂದೆ ಇದನ್ನು ಇಡುತ್ತಿದ್ದೇವೆ.

ಓದಿನ ವೀಸಾ ಪಿ.ಆರ್. ಅಲ್ಲ

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಓದಲು ಸಿಗುವ ಅನುಮತಿ ಓದಿಗೆ ಮಾತ್ರ, ಅದರಲ್ಲಿ ಪಿ.ಆರ್.ನ ಭರವಸೆ ಇಲ್ಲ. ಕೆನಡಾದಲ್ಲಿ ಓದು ಮುಗಿದ ಮೇಲೆ, ಅರ್ಹ ಕೋರ್ಸಾಗಿದ್ದರೆ, ಗರಿಷ್ಠ ಮೂರು ವರ್ಷದ ಕೆಲಸದ ಪರವಾನಗಿ ಸಿಗುತ್ತದೆ. ಅದೂ ಜೀವಮಾನದಲ್ಲಿ ಒಂದೇ ಸಲ. ಆ ಅವಧಿಯಲ್ಲಿ ಕನಿಷ್ಠ ಒಂದು ವರ್ಷ ಕೌಶಲದ ಕೆಲಸ ಮಾಡಿದವರು ‘ಕೆನಡಿಯನ್ ಎಕ್ಸ್‌ಪೀರಿಯನ್ಸ್ ಕ್ಲಾಸ್’ ಎಂಬ ವಿಭಾಗದಲ್ಲಿ ಪಿ.ಆರ್.ಗೆ ಅರ್ಹರಾಗಬಹುದು. ಪೂರ್ಣಾವಧಿ ಓದುತ್ತಿರುವಾಗ ಮಾಡಿದ ಕೆಲಸ ಇದರ ಲೆಕ್ಕಕ್ಕೆ ಬರುವುದಿಲ್ಲ. ಹೋಟೆಲಿನಲ್ಲಿ ರಾತ್ರಿಯೆಲ್ಲ ದುಡಿದರೆ ಪಿ.ಆರ್. ಬೇಗ ಬರುತ್ತದೆಂದು ನಂಬಿದವರಿಗೆ ಇದು ಗೊತ್ತಿರಬೇಕು.

ವಿವಾಹಿತರಿಗಂತೂ ಇತ್ತೀಚೆಗೆ ದಾರಿ ಕಿರಿದಾಗಿದೆ. ಮೊದಲು ಒಬ್ಬರು ಓದಲು ಹೋದರೆ ಇನ್ನೊಬ್ಬರಿಗೆ ಕೆಲಸದ ಪರವಾನಗಿ ಸುಲಭವಾಗಿ ಸಿಗುತ್ತಿತ್ತು. 2025ರ ಜನವರಿ 21ರಿಂದ ಕನಿಷ್ಠ 16 ತಿಂಗಳ ಸ್ನಾತಕೋತ್ತರ ಪದವಿ, ಡಾಕ್ಟರೇಟ್ ಅಥವಾ ಆಯ್ದ ಕೆಲವು ವೃತ್ತಿಪರ ಕೋರ್ಸುಗಳನ್ನು ಓದುವವರ ಪತಿ ಅಥವಾ ಪತ್ನಿಗೆ ಮಾತ್ರ ಅದು ದೊರೆಯುತ್ತದೆ. ಒಂದು ವರ್ಷದ ಕಾಲೇಜು ಡಿಪ್ಲೊಮಾಕ್ಕೆ ಹೋದವರ ಸಂಗಾತಿಗೆ ಈ ಬಾಗಿಲು ಮುಚ್ಚಿದೆ. ಬ್ರಿಟನ್ 2024ರ ಜನವರಿಯಿಂದ, ಸಂಶೋಧನಾ ಪದವಿಯಂಥ ಕೆಲವನ್ನು ಬಿಟ್ಟು, ಉಳಿದ ವಿದ್ಯಾರ್ಥಿಗಳು ಕುಟುಂಬ ಕರೆತರುವುದನ್ನೇ ನಿಲ್ಲಿಸಿತು. ಓದಿನ ನಂತರದ ವೀಸಾಕ್ಕೆ ಆಸ್ಟ್ರೇಲಿಯಾ 2024ರ ಜುಲೈಯಿಂದ ಹೆಚ್ಚಿನವರಿಗೆ 35ರ ವಯೋಮಿತಿ ಹಾಕಿತು.

ಹಣದ ಮಾತೂ ಇದೆ. ಕೆನಡಾಕ್ಕೆ ಹೋಗುವ ವಿದ್ಯಾರ್ಥಿ ಶುಲ್ಕ ಮತ್ತು ಪ್ರಯಾಣದ ಖರ್ಚಲ್ಲದೆ ಜೀವನ ವೆಚ್ಚಕ್ಕೆ ತೋರಿಸಬೇಕಾದ ಮೊತ್ತ 2023ರ ಕೊನೆಯವರೆಗೆ 10,000 ಕೆನಡಾ ಡಾಲರ್ ಇತ್ತು. 2024ರ ಜನವರಿ 1ರಿಂದ ಅದು 20,635 ಆಯಿತು. 2025ರ ಸೆಪ್ಟೆಂಬರಿನಿಂದ 22,895. ಇದು ಒಬ್ಬರಿಗೆ, ಜೊತೆಗೆ ಹೋಗುವ ಪ್ರತಿಯೊಬ್ಬರಿಗೂ ಇನ್ನಷ್ಟು ಸೇರಿಸಬೇಕು. ತೊಗರಿ, ಸೋಯಾ ಬೆಳೆಯುವ ಹೊಲವನ್ನು ಅಡವಿಟ್ಟು ಸಾಲ ಎತ್ತುವ ತಂದೆತಾಯಿಗಳು ಈ ಲೆಕ್ಕವನ್ನು ಮಕ್ಕಳೊಂದಿಗೆ ಕುಳಿತು ಹಾಕಬೇಕು. ಓದುವಾಗ ವಾರಕ್ಕೆ 24 ಗಂಟೆ ಮಾತ್ರ ಹೊರಗೆ ದುಡಿಯಬಹುದೆಂಬ ಮಿತಿಯನ್ನೂ ಮರೆಯಬಾರದು.

ಪಾಯಿಂಟಿನ ಲೆಕ್ಕ

ಏಜೆಂಟನ ಮಾತಿಗೆ ಬರೋಣ. 2015ರಿಂದ ಕೆನಡಾ ‘ಎಕ್ಸ್‌ಪ್ರೆಸ್ ಎಂಟ್ರಿ’ ಎಂಬ ಪದ್ಧತಿಯಲ್ಲಿ ವಯಸ್ಸು, ಓದು, ಭಾಷೆ, ಅನುಭವಗಳಿಗೆ ಅಂಕ ಕೊಟ್ಟು ಆರಿಸುತ್ತದೆ. ಮೂಲ ಅಂಶಗಳಿಗೆ ಅವಿವಾಹಿತರಿಗೆ ಗರಿಷ್ಠ 500 ಅಂಕ. ಸಂಗಾತಿಯೊಂದಿಗೆ ಹೋಗುವವರಿಗೆ 460. ಉಳಿದ 40 ಸಂಗಾತಿಯ ಹೆಸರಿನಲ್ಲಿ. ಭಾಷೆಗೆ 20, ಓದಿಗೆ 10, ಕೆನಡಾದ ಕೆಲಸದ ಅನುಭವಕ್ಕೆ 10. ಸಂಗಾತಿ ಇಂಗ್ಲಿಷ್ ಪರೀಕ್ಷೆ ಬರೆಯದಿದ್ದರೆ ಆ ಅಂಕಗಳು ಹೋಗುತ್ತವೆ. ಏಜೆಂಟ್ ತೋರಿಸಿದ ‘ಲಾಭ’ ಇಷ್ಟೇ.

ಆತ ಹೇಳದೇ ಬಿಟ್ಟದ್ದು ಬೇರೆ. ಗಂಡಹೆಂಡಿರಲ್ಲಿ ಯಾರ ಅಂಕ ಹೆಚ್ಚೋ ಅವರು ಮುಖ್ಯ ಅರ್ಜಿದಾರರಾಗಬಹುದು, ಗಂಡನೇ ಆಗಬೇಕೆಂದೇನಿಲ್ಲ. ಸಂಗಾತಿ ಸದ್ಯಕ್ಕೆ ಜೊತೆಗೆ ಬರುತ್ತಿಲ್ಲವೆಂದರೆ, ಅದು ನಿಜವಾಗಿದ್ದರೆ, ಹಾಗೆಂದೇ ಬರೆಯಲು ಅವಕಾಶವಿದೆ. ಆದರೆ ‘ಬರುತ್ತಿಲ್ಲ’ ಎನ್ನುವುದು ಬೇರೆ, ‘ಇಲ್ಲವೇ ಇಲ್ಲ’ ಎನ್ನುವುದು ಬೇರೆ. ಓದಲು ಹೋಗುವವರಿಗೆ ಅಲ್ಲಿ ನೆಲೆಸುವ ಆಸೆಯಿದ್ದರೂ, ಅನುಮತಿ ಮುಗಿದಾಗ ಹೊರಡುವೆವೆಂದು ಅಧಿಕಾರಿಗೆ ಮನದಟ್ಟಾದರೆ ಸಾಕು. ಆಸೆಯೊಂದೇ ತಪ್ಪಲ್ಲವೆಂದು ಅಲ್ಲಿನ ಕಾನೂನೇ ಒಪ್ಪುತ್ತದೆ. ಹಾಗಿರುವಾಗ ಸುಳ್ಳಿನ ಅಗತ್ಯವೇನು?

ಸುಳ್ಳಿನ ಬೆಲೆಯೂ ದೊಡ್ಡದು. ತಪ್ಪು ಮಾಹಿತಿ ಕೊಟ್ಟದ್ದು ಸಾಬೀತಾದರೆ ಐದು ವರ್ಷ ಪ್ರವೇಶ ನಿಷೇಧ. ಅದಕ್ಕಿಂತ ಘೋರವಾದದ್ದು ಇನ್ನೊಂದಿದೆ. ಪಿ.ಆರ್. ಪಡೆಯುವಾಗ ಹೆಸರಿಸದೆ ಬಿಟ್ಟ ಪತಿ, ಪತ್ನಿ ಅಥವಾ ಮಗುವನ್ನು ಮುಂದೆ ಕುಟುಂಬದವರೆಂದು ಕರೆಸಿಕೊಳ್ಳುವ ಹಕ್ಕು ಸಾಮಾನ್ಯವಾಗಿ ಇರುವುದಿಲ್ಲ. ‘ಆಮ್ಯಾಲೆ ನೋಡೂಣು’ ಎಂಬ ಮಾತಿನ ಅರ್ಥ ಇದು: ಯಾವ ಕೂಸಿನ ಭವಿಷ್ಯಕ್ಕಾಗಿ ಹೊರಟರೋ ಆ ಕೂಸಿಗೇ ಬಾಗಿಲು ಮುಚ್ಚುವುದು.

ಗಡಿಯಲ್ಲಿ ಹೆಂಡತಿಯನ್ನು ಬಚ್ಚಿಟ್ಟವನು

ಪವಿತ್ರ ಗ್ರಂಥದಲ್ಲಿ ಇಂಥದೇ ಘಟನೆಯೊಂದಿದೆ. ಆದಿಕಾಂಡದ 12ನೇ ಅಧ್ಯಾಯವನ್ನು ತೆರೆದು ನೋಡಿ. ನಾಡಿನಲ್ಲಿ ಬರ ಬಂದು ಅಬ್ರಾಮ ಈಜಿಪ್ಟಿಗೆ ಹೊರಡುತ್ತಾನೆ. ಗಡಿ ಹತ್ತಿರವಾದಾಗ ಅವನಿಗೆ ಪ್ರಾಣಭಯ. ಸಾರಯಳನ್ನು ತನ್ನ ತಂಗಿಯೆಂದು ಹೇಳಿಕೊಳ್ಳುವಂತೆ ಕೇಳಿಕೊಳ್ಳುತ್ತಾನೆ. ಮೊದಮೊದಲು ಲಾಭವೇ ಆಯಿತು. ಕುರಿ, ದನ, ಒಂಟೆಗಳು ಸಿಕ್ಕವು. ಆದರೆ ಹೆಂಡತಿ ಫರೋಹನ ಅರಮನೆ ಸೇರಿದಳು. ಸತ್ಯ ಹೊರಬಿದ್ದಾಗ ಫರೋಹನು ಅವನನ್ನು ಕರೆಸಿ ಗದರಿಸಿ, ಇಬ್ಬರನ್ನೂ ದೇಶದಿಂದ ಕಳುಹಿಸಿಬಿಟ್ಟ. ವಿಶ್ವಾಸಿಗಳ ಪಿತಾಮಹನೂ ಭಯದಲ್ಲಿ ಎಡವಿದ. ಆ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಅಲ್ಲಿ ಬೆಲೆ ತೆತ್ತವಳು ಸಾರಯ ಎಂಬುದನ್ನೂ ಮರೆಯಬಾರದು.

ಇದಕ್ಕೆ ಎದುರಾಗಿ ಸಂತ ಜೋಸೆಫರನ್ನು ನೋಡೋಣ. ಹೆರೋದನು ಹುಡುಕುತ್ತಿದ್ದುದು ಮಗುವನ್ನೇ. ಅಪಾಯವಿದ್ದುದು ಆ ಮಗುವಿನಿಂದಲೇ. ಆದರೂ ಅವರು ರಾತ್ರಿಯೇ ಎದ್ದು ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿನ ದಾರಿ ಹಿಡಿದರು. 1952ರಲ್ಲಿ ಜಗದ್ಗುರು ಹನ್ನೆರಡನೇ ಪಿಯುಸ್ ವಲಸಿಗರ ಕುರಿತು ಹೊರಡಿಸಿದ ‘ಎಕ್ಸುಲ್ ಫಮಿಲಿಯಾ’ ಎಂಬ ಪತ್ರದಲ್ಲಿ ಈ ದೇಶಾಂತರದ ಪವಿತ್ರ ಕುಟುಂಬವನ್ನೇ ಎಲ್ಲ ವಲಸಿಗ ಕುಟುಂಬಗಳಿಗೆ ಮಾದರಿಯಾಗಿ ಇಟ್ಟರು. ಧರ್ಮಸಭೆ ಪರದೇಶಕ್ಕೆ ಹೋಗಬೇಡಿರೆಂದು ಹೇಳುವುದಿಲ್ಲ. ಕುಟುಂಬವಾಗಿ ಹೋಗಿರೆಂದು ಹೇಳುತ್ತದೆ.

ಧರ್ಮಸಭೆಯ ಕಾನೂನು ಸಂಹಿತೆಯ 1151ನೇ ನಿಯಮದಂತೆ, ನ್ಯಾಯವಾದ ಕಾರಣವಿಲ್ಲದಿದ್ದರೆ, ಒಟ್ಟಿಗೆ ಬಾಳುವುದು ದಂಪತಿಗಳ ಹಕ್ಕೂ ಹೌದು, ಕರ್ತವ್ಯವೂ ಹೌದು. ಓದು, ದುಡಿಮೆ ನ್ಯಾಯವಾದ ಕಾರಣಗಳಿರಬಹುದು. ಆದರೆ ಅಗಲಿಕೆಗೆ ಒಂದು ಗಡುವು ಬೇಕು. ‘ಪಿ.ಆರ್. ಬರುವ ತನಕ’ ಎಂಬುದು ಗಡುವಲ್ಲ. ಇನ್ನು ವೀಸಾಕ್ಕಾಗಿ ಕಾಗದದ ಮೇಲೆ ಮಾತ್ರ ಲಗ್ನವಾಗುವವರ ವಿಷಯ: ಬಾಯಲ್ಲಿ ಸಮ್ಮತಿಯಿತ್ತು ಮನಸ್ಸಿನಲ್ಲಿ ವಿವಾಹವನ್ನೇ ನಿರಾಕರಿಸಿದರೆ ಅದು ವಿವಾಹವೇ ಅಲ್ಲವೆಂದು 1101ನೇ ನಿಯಮ ಹೇಳುತ್ತದೆ. ಸಂಸ್ಕಾರವು ದಾಖಲೆಪತ್ರವಲ್ಲ.

ಹೊರಡುವವರಿಗೆ ನಾಲ್ಕು ಮಾತು

ಒಂದು, ಕಾಗದಪತ್ರಗಳನ್ನು ಒಂದು ವರ್ಷ ಮೊದಲೇ ಸರಿಪಡಿಸಿಕೊಳ್ಳಿ. ನಮ್ಮ ಗಡಿಯವರ ಹೆಸರು ಕನ್ನಡದಲ್ಲಿ ಒಂದು, ಮರಾಠಿ ಶಾಲೆಯ ದಾಖಲೆಯಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮತ್ತೊಂದು ಆಗಿರುವುದುಂಟು. ಲಗ್ನದ ನಂತರ ಹೆಣ್ಣುಮಕ್ಕಳ ಹೆಸರಿನ ನಡುವೆ ತಂದೆಯ ಬದಲು ಗಂಡನ ಹೆಸರು ಬಂದಿರುತ್ತದೆ. ಸಾಲದ್ದಕ್ಕೆ 2023ರಲ್ಲಿ ಉಸ್ಮಾನಾಬಾದ್ ಜಿಲ್ಲೆ ಧಾರಾಶಿವ ಆಯಿತು. ಹಳೆಯ ಜನನ ಪತ್ರದಲ್ಲಿ ಹಳೆಯ ಹೆಸರು, ಹೊಸದರಲ್ಲಿ ಹೊಸದು. ಚರ್ಚಿನ ಪ್ರಮಾಣಪತ್ರದ ಜೊತೆಗೆ ಸರ್ಕಾರದ ವಿವಾಹ ನೋಂದಣಿ ಪತ್ರವೂ ಇರಲಿ.

ಎರಡು, ಕೆನಡಾದ ವಲಸೆ ವಿಷಯದಲ್ಲಿ ಹಣ ಪಡೆದು ಸಲಹೆ ಕೊಡಲು ಅಲ್ಲಿನ ವಕೀಲರಿಗೆ, ಪರವಾನಗಿಯುಳ್ಳ ಸಲಹೆಗಾರರಿಗೆ ಮಾತ್ರ ಅಧಿಕಾರ. 2023ರಲ್ಲಿ ಏಜೆಂಟರು ಕೊಟ್ಟ ನಕಲಿ ಪ್ರವೇಶಪತ್ರಗಳಿಂದಾಗಿ ಎಷ್ಟೋ ಭಾರತೀಯ ವಿದ್ಯಾರ್ಥಿಗಳು ಗಡೀಪಾರಿನ ಭೀತಿ ಎದುರಿಸಿದರು. ನಿಯಮಗಳು ಪದೇ ಪದೇ ಬದಲಾಗುತ್ತವೆ. ಸರ್ಕಾರದ ಪ್ರಕಟಣೆಯನ್ನೇ ನೋಡಿ. ಅರ್ಜಿಯನ್ನು ಓದದೆ ಸಹಿ ಹಾಕಬೇಡಿ. ಸಹಿ ನಿಮ್ಮದು, ಹೊಣೆಯೂ ನಿಮ್ಮದೇ.

ಮೂರು, ಪಿ.ಆರ್. ಬಾರದಿದ್ದರೆ ಏನು ಮಾಡುವುದೆಂದು ಗಂಡಹೆಂಡಿರು ಹೊರಡುವ ಮೊದಲೇ ಮಾತಾಡಿಕೊಳ್ಳಿ. ಮರಳಿ ಬರುವುದು ಸೋಲಲ್ಲ.

ನಾಲ್ಕು, ಊರಲ್ಲಿರುವ ಹಿರಿಯರು ಫೋನ್ ಮಾಡಿದಾಗಲೆಲ್ಲ ‘ಪಿ.ಆರ್. ಬಂತೇನು?’ ಎಂದು ಕೇಳಬೇಡಿ. ‘ಊಟ ಆಯ್ತೇನು? ಪೂಜೆಗೆ ಹೋಗಿದ್ರೇನು?’ ಎಂದು ಕೇಳಿ. ಪರದೇಶದಲ್ಲಿ ಒಂಟಿಯಾದ ದಂಪತಿಗಳಿಗೆ ಆ ಮಾತೇ ಆಸರೆ.

ಆ ಸಂಜೆ ಬಂದಿದ್ದ ದಂಪತಿಗಳು ಕೆಲವು ತಿಂಗಳ ನಂತರ ಮತ್ತೆ ಬಂದರು. ಏಜೆಂಟನನ್ನು ಬಿಟ್ಟಿದ್ದರು. ಕೊಟ್ಟಿದ್ದ ಮುಂಗಡ ತಿರುಗಿ ಬರಲಿಲ್ಲ. ಲೆಕ್ಕ ಹಾಕಿ ನೋಡಿದಾಗ ಆಕೆಯ ಓದೇ ಹೆಚ್ಚು ತೂಗಿತ್ತು. ಆದ್ದರಿಂದ ಎರಡು ವರ್ಷದ ಸ್ನಾತಕೋತ್ತರ ಪದವಿಗೆ ಆಕೆಯೇ ಅರ್ಜಿ ಹಾಕಿದ್ದಳು. ಆತ ನಗುತ್ತ, “ಈಗ ನಾನು ಅಕೀ ಹಿಂದ ಹೋಗಾಂವ ಫಾದರ್” ಎಂದ. ಹೊಲ ಅಡವಿಟ್ಟ ಚಿಂತೆ ಆ ನಗುವಿನ ಹಿಂದೆ ಇಲ್ಲದಿರಲಿಲ್ಲ.

ಇದನ್ನು ಬರೆಯುವ ಹೊತ್ತಿಗೆ ಅವರಿಗೆ ಉತ್ತರ ಬಂದಿಲ್ಲ. ಬರಬಹುದು, ಬಾರದಿರಲೂಬಹುದು. ಆದರೆ ಆ ಅರ್ಜಿಯಲ್ಲಿ ಮೂರು ಹೆಸರುಗಳಿವೆ. ಪವಿತ್ರ ಕುಟುಂಬವು ಅವರ ದಾರಿಯಲ್ಲಿ ಜೊತೆಗಿರಲಿ ಎಂದು ನಾವು ಪ್ರತಿದಿನ ಬಲಿಪೂಜೆಯಲ್ಲಿ ನೆನೆಯುತ್ತೇವೆ. ನೀವೂ ನೆನೆಯಿರಿ.