ಕೆರೆಯ ಕನ್ನಡಿಯೂ ಛಾಯಾಚಿತ್ರವೂ

ಹಾವೇರಿ ಜಿಲ್ಲೆಯ ಸವಣೂರು, ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರುಗಳ ಸೀಮೆಯು ಕೆರೆಗಳ ನಾಡು. ಹತ್ತಿಮತ್ತೂರಿನ ಸುತ್ತಣ ಹೊಲಗಳ ನಡುವೆ ತಿರುಗಾಡುವವರಿಗೆ, ಮಳೆಗಾಲವು ಮುಗಿದ ಮೇಲೆ, ನಿಂತ ನೀರಿನಲ್ಲಿ ಮರವೂ ಗುಡಿಯೂ ಮುಗಿಲೂ ತಲೆಕೆಳಗಾಗಿ ತೋರುವ ನೋಟವು ಹೊಸತಲ್ಲ. ಇಂದು ಕೈಕೈಯಲ್ಲೂ ಕ್ಯಾಮೆರಾ ಇರುವುದರಿಂದ ಇಂತಹ ನೋಟವನ್ನು ಸೆರೆಹಿಡಿಯದವರೇ ವಿರಳ. ಆದರೆ ಕಣ್ಣಿಗೆ ಸೊಗಸಾಗಿ ಕಂಡ ಬಿಂಬವು ಚಿತ್ರದಲ್ಲಿ ಅನೇಕವೇಳೆ ಮಂಕಾಗುತ್ತದೆ. ಮತ್ತೊಂದು ತೊಡಕೂ ಉಂಟು: ಚಿತ್ರದ ಮೇಲರ್ಧವನ್ನೇ ಮಗುಚಿ ಕೆಳಗೆ ಜೋಡಿಸಿ, ಇಲ್ಲದ ಕೆರೆಯನ್ನು ಸೃಷ್ಟಿಸುವುದು ಈಗ ಕ್ಷಣಮಾತ್ರದ ಕೆಲಸ. ನಿಜವಾದ ಬಿಂಬವನ್ನು ಕೃತಕದಿಂದ ಬೇರ್ಪಡಿಸುವುದು ಹೇಗೆ?

ನೀರಿನ ಬಿಂಬವು ಮೇಲಿನ ನೋಟದ ಪ್ರತಿಯೆಂದೇ ನಾವೆಲ್ಲರೂ ಭಾವಿಸುತ್ತೇವೆ. ವಾಸ್ತವವಾಗಿ ಅದು ಪ್ರತಿಯಲ್ಲ. ಬೇರೊಂದು ಸ್ಥಳದಿಂದ ಕಂಡ ಬೇರೊಂದು ನೋಟ. ಬೆಳಕು ನೀರಿಗೆ ಯಾವ ಕೋನದಲ್ಲಿ ಬೀಳುತ್ತದೆಯೋ ಅದೇ ಕೋನದಲ್ಲಿ ಪ್ರತಿಫಲಿಸುತ್ತದೆ. ಆದುದರಿಂದ ಕ್ಯಾಮೆರಾವು ನೀರಿನಿಂದ ಎಷ್ಟು ಮೇಲಿದೆಯೋ ಅಷ್ಟೇ ಆಳದಲ್ಲಿ, ನೀರಿನ ಕೆಳಗೆ, ಇನ್ನೊಂದು ಕ್ಯಾಮೆರಾ ಇದ್ದು ಅದು ಮೇಲ್ಮುಖವಾಗಿ ನೋಡುತ್ತಿದೆಯೆಂದು ಊಹಿಸಿದರೆ, ಅದಕ್ಕೆ ಕಾಣುವುದೇ ಬಿಂಬದ ನೋಟ.

ಒಂದು ಲೆಕ್ಕವನ್ನು ನೋಡೋಣ. ನಮ್ಮ ಕ್ಯಾಮೆರಾವು ನೀರಿನಿಂದ 1.5 ಮೀಟರ್ ಎತ್ತರದಲ್ಲಿರಲಿ. 10 ಮೀಟರ್ ಆಚೆಯ ದಡದಲ್ಲಿ ಅಷ್ಟೇ ಎತ್ತರದ ಒಂದು ಗೋಡೆಯಿರಲಿ. 100 ಮೀಟರ್ ದೂರದಲ್ಲಿ, ನೀರಿನ ಮಟ್ಟದಿಂದ ಅಳೆದರೆ 20 ಮೀಟರ್ ಎತ್ತರದ ಮರವಿರಲಿ. ಗೋಡೆಯ ಮೇಲೆ ಮರವು ನಮಗೆ ಚೆನ್ನಾಗಿ ಕಾಣುತ್ತದೆ. ಆದರೆ ನೀರಿನಡಿಯ ಕಲ್ಪಿತ ಕ್ಯಾಮೆರಾಕ್ಕೆ ಗೋಡೆಯ ತುದಿಯು 3 ಮೀಟರ್ ಮೇಲಿರುತ್ತದೆ. ಆ ನೋಟದ ರೇಖೆಯು 100 ಮೀಟರ್ ದೂರವನ್ನು ಮುಟ್ಟುವಾಗ ನೀರಿನ ಮಟ್ಟಕ್ಕಿಂತ 28.5 ಮೀಟರ್ ಮೇಲಕ್ಕೇರಿರುತ್ತದೆ. ಅಂದರೆ ಬಿಂಬದಲ್ಲಿ ಗೋಡೆ ಮಾತ್ರವಿದ್ದು, ಮರವು ಪೂರ್ತಿಯಾಗಿ ಮರೆಯಾಗುತ್ತದೆ! ಬಾದಾಮಿಯ ಅಗಸ್ತ್ಯ ತೀರ್ಥದ ದಡದಲ್ಲಿರುವ ಭೂತನಾಥ ಗುಡಿಯನ್ನು ನೀರಿನಲ್ಲಿ ನೋಡುವಾಗಲೂ ಇದೇ ನಿಯಮ: ಹಿಂದಿನ ಬಂಡೆಗಳು ಗುಡಿಯ ಹಿಂದೆ ತುಸು ಹೆಚ್ಚಾಗಿ ಅಡಗುತ್ತವೆ.

ಇನ್ನು ಬಿಂಬದ ಕಾಂತಿಯ ವಿಷಯ. ನೀರು ಎಲ್ಲ ಕಡೆಯೂ ಸಮನಾದ ಕನ್ನಡಿಯಲ್ಲ. ನೇರವಾಗಿ ಕೆಳಗೆ ನೋಡಿದರೆ ಅದು ಬೆಳಕಿನ ಶೇಕಡಾ 2 ಭಾಗವನ್ನು ಮಾತ್ರ ಪ್ರತಿಫಲಿಸುತ್ತದೆ. 1.5 ಮೀಟರ್ ಎತ್ತರದಿಂದ 2 ಮೀಟರ್ ದೂರದ ನೀರನ್ನು ನೋಡಿದಾಗ ಇದು ಶೇಕಡಾ 4ರಷ್ಟು. 15 ಮೀಟರ್ ದೂರದ ನೀರಿನಿಂದಲಾದರೋ ಅರ್ಧಕ್ಕಿಂತ ತುಸು ಹೆಚ್ಚು. ಕ್ಯಾಮೆರಾವನ್ನು ನೀರಿನ ಸಮೀಪಕ್ಕೆ ಇಳಿಸಿದಷ್ಟೂ ಬಿಂಬವು ಉಜ್ವಲವಾಗುವುದು ಇದರಿಂದಲೇ. ನಿಂತು ತೆಗೆದ ಚಿತ್ರದಲ್ಲಿ ಬಿಂಬವು ಮಂಕಾದರೆ, ದಡದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ತೆಗೆದು ನೋಡಬಹುದು.

ಮೇಲೆ ಹೇಳಿದ 2 ಮೀಟರ್ ದೂರಕ್ಕೆ ಒಂದು ವೈಶಿಷ್ಟ್ಯವಿದೆ. ಅಲ್ಲಿ ನಮ್ಮ ದೃಷ್ಟಿಯು ನೀರಿನ ಮೇಲ್ಮೈಯೊಡನೆ ಸುಮಾರು 37 ಅಂಶಗಳ ಕೋನವನ್ನು ಮಾಡುತ್ತದೆ. ಈ ಕೋನದಲ್ಲಿ ಪ್ರತಿಫಲಿಸಿದ ಬೆಳಕೆಲ್ಲವೂ ಒಂದೇ ಸಮತಲದಲ್ಲಿ ಕಂಪಿಸುತ್ತದೆ. ಧ್ರುವೀಕರಣ ಶೋಧಕವನ್ನು ತಕ್ಕಂತೆ ತಿರುಗಿಸಿದರೆ ಬಿಂಬವು ಅಳಿದು ನೀರಿನ ತಳ ಕಾಣಿಸುತ್ತದೆ. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುತ್ತಿದ್ದ ಸಿ. ವಿ. ರಾಮನ್ ಅವರು ನಿಕೋಲ್ ಪಟ್ಟಕದ ಮೂಲಕ ಸಮುದ್ರವನ್ನು ನೋಡಿ, ಆಕಾಶದ ಪ್ರತಿಫಲನವನ್ನು ಹೀಗೆಯೇ ನಿವಾರಿಸಿದರು. ಆಗಲೂ ಕಡಲಿನ ನೀಲಿ ಉಳಿಯಿತು. ಆ ನೀಲಿಯು ಕೇವಲ ಆಕಾಶದ ಬಿಂಬವಲ್ಲವೆಂಬುದು ಸ್ಥಿರಪಟ್ಟಿತು. ಬಿಂಬವನ್ನೇ ಬಯಸುವ ಛಾಯಾಗ್ರಾಹಕನು ಈ ಶೋಧಕವನ್ನು ತೆಗೆದಿಡುವುದು ಲೇಸು.

ಗಾಳಿಯ ವಿಷಯದಲ್ಲಿಯೂ ಎಚ್ಚರ ಬೇಕು. ನೀರಿನ ಮೇಲ್ಮೈ 1 ಅಂಶದಷ್ಟು ವಾಲಿದರೆ ಪ್ರತಿಫಲಿತ ಕಿರಣವು 2 ಅಂಶಗಳಷ್ಟು ತಿರುಗುತ್ತದೆ. ಅಲ್ಪ ತೆರೆಯೂ ಬಿಂಬವನ್ನು ಕದಡುತ್ತದೆ. ರಾತ್ರಿ ತಣಿದ ನೆಲದ ಮೇಲೆ ತಂಪಾದ ಗಾಳಿಯ ಪದರವು ನಿಶ್ಚಲವಾಗಿ ನೆಲಸುವುದರಿಂದ ಬೆಳಗಿನ ಜಾವವೇ ಪ್ರಶಸ್ತ ಕಾಲ. ಕ್ಯಾಮೆರಾದ ನಾಭಿಯನ್ನು ನೀರಿನ ಮೇಲ್ಮೈಗಲ್ಲ, ಆಚೆಯ ಗುಡಿಗೆ ಹೊಂದಿಸಬೇಕು. ಬಿಂಬದ ದೂರವೆಂದರೆ ನಮ್ಮಿಂದ ನೀರಿಗೆ, ನೀರಿನಿಂದ ಗುಡಿಗೆ ಬೆಳಕು ನಡೆದ ಒಟ್ಟು ದಾರಿ. ತೇಲುವ ಎಲೆಗೆ ಹೊಂದಿಸಿದರೆ ಎಲೆ ಸ್ಪಷ್ಟವಾಗಿ, ಗುಡಿ ಮಸುಕಾಗುತ್ತದೆ.

ಈಗ ಮೊದಲಿನ ಪ್ರಶ್ನೆಗೆ ಉತ್ತರವು ಸುಲಭ. ಹತ್ತಿರದ ವಸ್ತುವೂ ದೂರದ ವಸ್ತುವೂ ಒಟ್ಟಿಗಿರುವ ಚಿತ್ರದಲ್ಲಿ ಮೇಲಿನದೂ ಕೆಳಗಿನದೂ ಗೆರೆಗೆರೆಯಾಗಿ ಹೊಂದಿದರೆ, ಕ್ಯಾಮೆರಾವು ನೀರನ್ನು ಬಹುಮಟ್ಟಿಗೆ ಮುಟ್ಟುವಂತಿರಬೇಕು. ಇಲ್ಲವೇ ಅದು ಮಗುಚಿ ಅಂಟಿಸಿದ ಚಿತ್ರ. ನಮ್ಮ ಕಾಲಿನ ಕಡೆಗೆ ಬಂದಂತೆ ಬಿಂಬವು ಮಂಕಾಗದಿದ್ದರೂ ಸಂಶಯಪಡಬೇಕು. ಎಲ್ಲವೂ ಬಹುದೂರದಲ್ಲಿದ್ದರೆ ಮಾತ್ರ ಮೊದಲ ಪರೀಕ್ಷೆಯು ನಿರ್ಣಾಯಕವಲ್ಲ. ಊರ ಕೆರೆಯ ಚಿತ್ರವು ಮುಂದೊಂದು ದಿನ ಆ ವರ್ಷದ ನೀರಿಗೂ ದಡದ ಮರಗಳಿಗೂ ಸಾಕ್ಷಿಯಾಗಬಲ್ಲದು. ಸಾಕ್ಷಿಯು ನಿಜವಾಗಿರಬೇಕಾದರೆ ಅದನ್ನು ಓದುವ ಬಗೆಯನ್ನೂ ನಾವು ಅರಿತಿರಬೇಕು.