ನೀಲಿ ಟಿಕ್ ಕಾಯದ ಮುಖ

ಕಲ್ಪನಾ ಮಿನುಗುತಾರೆ, ಜಯಂತಿ ಅಭಿನಯ ಶಾರದೆ, ಮಾಲಾಶ್ರೀ ಕನಸಿನ ರಾಣಿ. ಈ ಬಿರುದುಗಳಿಗೆ ಯಾರೂ ಗುರುತಿನ ಚೀಟಿ ಕೇಳಲಿಲ್ಲ. ದಿವ್ಯ ಸ್ಪಂದನಾ 2003ರ ‘ಅಭಿ’ಯಲ್ಲಿ ರಮ್ಯಾ ಆದಾಗಲೂ ಅಷ್ಟೆ, ಪೋಸ್ಟರಿನ ಮೇಲಿದ್ದ ಹೆಸರನ್ನೇ ಜನ ನಂಬಿದರು.

ಇಂದು ಬೀರೂರು ಜಂಕ್ಷನ್ನಿನಲ್ಲಿ ಶಿವಮೊಗ್ಗದ ರೈಲಿಗೆ ಕಾಯುವ ಕಾಲೇಜು ಹುಡುಗಿ ಇನ್‌ಸ್ಟಾಗ್ರಾಮ್‌ನಲ್ಲಿ ನಟಿಯ ಹೆಸರು ಹುಡುಕಿದರೆ ಅದೇ ಹೆಸರಿನ, ಅದೇ ಫೋಟೊದ ಖಾತೆಗಳು ಸಾಲಾಗಿ ಬರುತ್ತವೆ. ಅಸಲಿ ಯಾವುದೆಂದು ತೋರಿಸಲೆಂದೇ 2009ರಲ್ಲಿ ಟ್ವಿಟರ್ ನೀಲಿ ಟಿಕ್ ತಂದಿತು. 2023ರ ಏಪ್ರಿಲ್‌ನಲ್ಲಿ ಆ ಹಳೆಯ ಟಿಕ್‌ಗಳನ್ನು ಕಿತ್ತು ನೀಲಿ ಟಿಕ್ಕನ್ನು ಚಂದಾದಾರರ ಸೊತ್ತಾಗಿಸಿತು. ಜೂನ್‌ನಲ್ಲಿ ಇನ್‌ಸ್ಟಾಗ್ರಾಮ್‌ನ ಒಡೆತನದ ಮೆಟಾ ಕೂಡ ಭಾರತದಲ್ಲಿ ಮೊಬೈಲ್ ಬಳಕೆದಾರರ ಟಿಕ್‌ಗೆ ತಿಂಗಳಿಗೆ 699 ರೂಪಾಯಿ ದರ ಕಟ್ಟಿತು. ಜನ ಕೊಟ್ಟ ಬಿರುದಿಗೆ ಬಾಡಿಗೆ ಇರಲಿಲ್ಲ.

ಹೋಗಲಿ, ಟಿಕ್ ಇದ್ದವರಿಗಾದರೂ ರಕ್ಷಣೆ ಸಿಕ್ಕಿತೇ? ವಿರಾಜಪೇಟೆಯ ರಶ್ಮಿಕಾ ಮಂದಣ್ಣ 2016ರ ‘ಕಿರಿಕ್ ಪಾರ್ಟಿ’ಯಿಂದ ಹೊರಟು ಮುಂಬೈವರೆಗೆ ಹೆಸರು ಮಾಡಿದವರು. 2023ರ ನವೆಂಬರ್‌ನಲ್ಲಿ ಬ್ರಿಟನ್ನಿನ ಯುವತಿಯೊಬ್ಬಳು ಲಿಫ್ಟ್ ಹತ್ತುವ ವಿಡಿಯೊಗೆ ರಶ್ಮಿಕಾ ಮುಖ ಅಂಟಿಸಿ ಹರಿಬಿಡಲಾಯಿತು. ದೆಹಲಿ ಪೊಲೀಸರು ಮರುವರ್ಷ ಜನವರಿಯಲ್ಲಿ ಹಿಡಿದದ್ದು ರಶ್ಮಿಕಾ ಅಭಿಮಾನಿ ಪುಟವನ್ನೇ ನಡೆಸುತ್ತಿದ್ದ ಗುಂಟೂರಿನ ಯುವಕನನ್ನು. ಪುಟಕ್ಕೆ ಫಾಲೋವರ್ಸ್ ಹೆಚ್ಚಿಸಿಕೊಳ್ಳಲು ಹೀಗೆ ಮಾಡಿದನೆಂದರು ಪೊಲೀಸರು. ಅಭಿಮಾನದ ಹೆಸರಲ್ಲಿ ನಡೆದ ಈ ಅವಮಾನ ನನಗೆ ಇವತ್ತಿಗೂ ನುಂಗಲಾಗದ ತುತ್ತು. ನೀಲಿ ಟಿಕ್ ಖಾತೆಯನ್ನು ಕಾಯುತ್ತದೆ, ಮುಖವನ್ನಲ್ಲ.

ಶಾಲೆ-ಕಾಲೇಜಿನ ದಿನಗಳಲ್ಲಿ ತನಗೆ ಹೀಗಾಗಿದ್ದರೆ ಹೇಗೆ ಎದುರಿಸುತ್ತಿದ್ದೆನೋ ಊಹಿಸಲೂ ಆಗದು ಎಂದು ರಶ್ಮಿಕಾ ಆಗ ಬರೆದರು. ರೈಲಿಗೆ ಕಾಯುವ ನಮ್ಮ ಹುಡುಗಿಗೆ ಮುಟ್ಟಬೇಕಾದದ್ದು ಈ ಮಾತು. ಅವಳ ಫೋಟೊ ತಿರುಚಿದರೆ ಸುದ್ದಿವಾಹಿನಿ ಬರುವುದಿಲ್ಲ, ರಶ್ಮಿಕಾ ಪರ ಎತ್ತಿದಂತೆ ಅಮಿತಾಭ್ ಬಚ್ಚನ್ ದನಿ ಎತ್ತುವುದಿಲ್ಲ.

ಆದರೂ ಅವಳ ಕೈಯಲ್ಲಿ ಕೆಲವು ದಾರಿಗಳಿವೆ. ಇನ್‌ಸ್ಟಾಗ್ರಾಮ್‌ನಲ್ಲಿ ಅನುಮಾನ ಬಂದ ಖಾತೆಯ ಮೂಲೆಯ ಮೂರು ಚುಕ್ಕಿ ಒತ್ತಿ ‘ಈ ಖಾತೆಯ ಬಗ್ಗೆ’ ತೆರೆದರೆ ಅದು ಯಾವಾಗ ಶುರುವಾಯಿತು, ಯಾವ ದೇಶದ್ದು ಎಂಬುದು ಸಾಮಾನ್ಯವಾಗಿ ಕಾಣುತ್ತದೆ. ಮೊನ್ನೆ ಹುಟ್ಟಿದ ಖಾತೆ ನಟಿಯದಾಗಿರುವುದು ಅಪರೂಪ. ತಿರುಚಿದ ಚಿತ್ರದ ಬಗ್ಗೆ ಸಂತ್ರಸ್ತರು ದೂರಿದರೆ 24 ಗಂಟೆಯೊಳಗೆ ತೆಗೆಯುವ ಹೊಣೆಯನ್ನು 2021ರ ಐಟಿ ನಿಯಮಗಳೇ ಕಂಪನಿಗಳ ಮೇಲೆ ಹೊರಿಸಿದ್ದವು. ಆ ದೂರು ಕೊಡಲು ಟಿಕ್ ಬೇಕಿಲ್ಲ, 699 ರೂಪಾಯಿಯೂ ಬೇಕಿಲ್ಲ.